ಮೊದಲ ಎಲೆಕ್ಟ್ರಿಕ್ ಕಾರು: ಶೋರೂಮ್‌ಗೆ ಹೋಗುವ ಮೊದಲು ಪ್ಲಗ್ ಪಾಯಿಂಟ್ ನೋಡಿ

ಎಲೆಕ್ಟ್ರಿಕ್ ಕಾರು ತಗೋಬೇಕು ಅಂದುಕೊಂಡವರು ಮೊದಲು ಕೇಳುವುದು ಒಂದೇ ಪ್ರಶ್ನೆ: ‘ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ದೂರ ಹೋಗುತ್ತದೆ?’ ನನ್ನನ್ನು ಕೇಳಿದರೆ ಅದು ಎರಡನೇ ಪ್ರಶ್ನೆ. ರಾತ್ರಿ ಕಾರು ಎಲ್ಲಿ ನಿಲ್ಲುತ್ತದೆ, ಅಲ್ಲಿ ಕರೆಂಟ್ ಇದೆಯಾ ಅನ್ನುವುದು ಮೊದಲನೆಯದು. ಪೆಟ್ರೋಲ್ ಕಾರಿಗೆ ನಾವು ಬಂಕ್ ಹುಡುಕಿಕೊಂಡು ಹೋಗುತ್ತೇವೆ, ಐದು ನಿಮಿಷ ನಿಂತು ತುಂಬಿಸಿಕೊಂಡು ಬರುತ್ತೇವೆ. ಎಲೆಕ್ಟ್ರಿಕ್ ಕಾರಿನ ಲೆಕ್ಕ ಮೊಬೈಲ್ ಇದ್ದ ಹಾಗೆ. ನಾವು ಮಲಗಿದಾಗ ಚಾರ್ಜ್ ಆಗಬೇಕು, ಎದ್ದಾಗ ತಯಾರಿರಬೇಕು. ಈ ಒಂದು ವ್ಯವಸ್ಥೆ ಸರಿ ಇದ್ದರೆ ಸಾಧಾರಣ ಬ್ಯಾಟರಿಯ ಕಾರಿನಲ್ಲೂ ನೆಮ್ಮದಿಯಾಗಿರಬಹುದು. ಇಲ್ಲದಿದ್ದರೆ ಎಷ್ಟು ದೊಡ್ಡ ಬ್ಯಾಟರಿ ತಂದರೂ ವಾರವಿಡೀ ಚಾರ್ಜರ್ ಹುಡುಕುವುದೇ ಕೆಲಸ ಆಗಿಬಿಡುತ್ತದೆ.

ಹಾಗಾಗಿ ಬ್ರೋಷರ್ ಪಕ್ಕಕ್ಕಿಡಿ. ಒಮ್ಮೆ ಪಾರ್ಕಿಂಗ್ ಜಾಗಕ್ಕೆ ಹೋಗಿ ನಿಂತುಕೊಳ್ಳಿ.

ಹೆಜ್ಜೆ 1: ಕಾರು ಮಲಗುವ ಜಾಗ

ಕಾರು ನಿಲ್ಲುವ ಜಾಗದಿಂದ ಪ್ಲಗ್ ಪಾಯಿಂಟ್ ಎಷ್ಟು ದೂರ ಇದೆ ಅಂತ ಟೇಪ್ ಹಿಡಿದು ಅಳೆಯಿರಿ. ಕಾರಿನ ಜತೆ ಬರುವ ಕೇಬಲ್ ಸಾಮಾನ್ಯವಾಗಿ ಕೆಲವೇ ಮೀಟರ್ ಉದ್ದ ಇರುತ್ತದೆ, ಮತ್ತು ಚಾರ್ಜಿಂಗ್ ಪೋರ್ಟ್ ಒಂದೊಂದು ಕಾರಿನಲ್ಲಿ ಒಂದೊಂದು ಕಡೆ: ಕೆಲವಕ್ಕೆ ಮೂತಿಯಲ್ಲಿ, ಕೆಲವಕ್ಕೆ ಹಿಂದಿನ ಚಕ್ರದ ಮೇಲೆ. ಕೇಬಲ್ ಸಾಲದಿದ್ದರೆ ಎಕ್ಸ್‌ಟೆನ್ಶನ್ ಬೋರ್ಡ್ ಹಾಕೋಣ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಒಪ್ಪಬೇಡಿ. ಇಸ್ತ್ರಿ ಪೆಟ್ಟಿಗೆ ಅರ್ಧ ಗಂಟೆ ಕರೆಂಟ್ ಎಳೆದು ಸುಮ್ಮನಾಗುತ್ತದೆ. ಕಾರು ಹಾಗಲ್ಲ, ಎಂಟು ಹತ್ತು ಗಂಟೆ ಒಂದೇ ಸಮನೆ ಎಳೆಯುತ್ತಲೇ ಇರುತ್ತದೆ. ಸಡಿಲ ಇರುವ ಒಂದು ಸ್ಕ್ರೂ ಸಾಕು, ಬಿಸಿ ಏರಲು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಕಾರು ತಂದ ಮೊದಲ ವಾರ, ಗೋಡೆಯಲ್ಲಿ ಮೊದಲೇ ಇದ್ದ ಪ್ಲಗ್‌ಗೆ ಸಿಕ್ಕಿಸಿ ಮಲಗಲು ಹೋಗುವಾಗ ಯಾಕೋ ಒಮ್ಮೆ ಪ್ಲಗ್ ಮುಟ್ಟಿ ನೋಡಿದೆ. ಕೈ ಹಿಂದಕ್ಕೆ ಎಳೆದುಕೊಂಡೆ, ಅಷ್ಟು ಬಿಸಿ. ಮರುದಿನ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿದಾಗ ಒಳಗೆ ಒಂದು ಸ್ಕ್ರೂ ಸಡಿಲವಾಗಿತ್ತು, ವೈರಿನ ಪ್ಲಾಸ್ಟಿಕ್ ಒಂದಿಂಚು ಉದ್ದಕ್ಕೆ ಕಂದು ಬಣ್ಣಕ್ಕೆ ತಿರುಗಿತ್ತು, ಸುಟ್ಟ ರಬ್ಬರ್ ವಾಸನೆ ಬರುತ್ತಿತ್ತು. ಇನ್ನು ನಾಲ್ಕು ರಾತ್ರಿ ಹಾಗೇ ಬಿಟ್ಟಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಭಯ ಆಗುತ್ತದೆ.

ಆದ್ದರಿಂದ ಎಲೆಕ್ಟ್ರಿಷಿಯನ್‌ನ ಕರೆಸಿ ನಾಲ್ಕು ಕೆಲಸ ಹೇಳಿ. ಕಾರಿಗೇ ಅಂತ ಮೀಟರ್ ಬೋರ್ಡ್‌ನಿಂದ ಬೇರೆ ಲೈನ್ ಎಳೆಯಬೇಕು. ಅದಕ್ಕೆ ತಕ್ಕ ದಪ್ಪದ ವೈರ್, ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್, ಅಂದರೆ ಎಂಸಿಬಿ, ಅದರದ್ದೇ ಬೇರೆ ಇರಬೇಕು. ಕರೆಂಟ್ ಸೋರಿದರೆ ತಕ್ಷಣ ಕಟ್ ಮಾಡುವ ಆರ್‌ಸಿಸಿಬಿ ಬೇಕೇ ಬೇಕು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥಿಂಗ್ ಅಳೆದು ನೋಡಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಎಷ್ಟೋ ಕಾರುಗಳು ಚಾರ್ಜ್ ತಗೊಳ್ಳುವುದೇ ಇಲ್ಲ, ಆಗ ಜನ ಕಾರು ಕೆಟ್ಟಿದೆ ಅಂತ ಬೈಯುತ್ತಾರೆ, ಪಾಪ, ಅದು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿರುತ್ತದೆ.

ಅಪಾರ್ಟ್‌ಮೆಂಟ್‌ನಲ್ಲಿ ಇರುವವರು ಈ ಹೆಜ್ಜೆಗೆ ಜಾಸ್ತಿ ಸಮಯ ಇಟ್ಟುಕೊಳ್ಳಿ. ಲೈನ್ ಯಾರ ಮೀಟರ್‌ನಿಂದ ಬರುತ್ತದೆ, ಬಿಲ್ ಯಾರ ಲೆಕ್ಕಕ್ಕೆ ಹೋಗುತ್ತದೆ, ಇದನ್ನೆಲ್ಲ ಸಂಘದ ಹತ್ತಿರ ಬರಹದಲ್ಲಿ ತೀರ್ಮಾನ ಮಾಡಿಕೊಂಡೇ ಕಾರಿಗೆ ಅಡ್ವಾನ್ಸ್ ಕೊಡಿ. ಕಾರು ಬಂದ ಮೇಲೆ ಕೇಳಿದರೆ ನಿಮ್ಮ ಕೈ ಕಟ್ಟಿ ಹಾಕಿದ ಹಾಗೆ.

ಹೆಜ್ಜೆ 2: ದಿನಕ್ಕೆ ಎಷ್ಟು ಓಡಿಸುತ್ತೀರಿ, ಬರೆದಿಡಿ

ಎರಡು ವಾರ ಈಗಿನ ವಾಹನದ ಮೀಟರ್ ನೋಡಿ ದಿನಾ ರಾತ್ರಿ ಬರೆದಿಡಿ. ಅಂದಾಜು ಬೇಡ. ನಾವೆಲ್ಲ ಅಂದುಕೊಳ್ಳುವುದಕ್ಕೂ ನಿಜವಾಗಿ ಓಡಿಸುವುದಕ್ಕೂ ತುಂಬಾ ವ್ಯತ್ಯಾಸ ಇರುತ್ತದೆ, ದಿನಾ ನೂರು ಕಿಲೋಮೀಟರ್ ಅಂತ ಹೇಳುವವರು ಬರೆದು ನೋಡಿದಾಗ ಮೂವತ್ತೈದು ಆಗಿರುತ್ತದೆ.

ಈಗ ಒಂದು ಸಣ್ಣ ಲೆಕ್ಕ. ಕರೆಂಟ್ ಬಿಲ್‌ನಲ್ಲಿ ಯೂನಿಟ್ ಅಂತ ಇರುತ್ತದಲ್ಲ, ಅದೇ ಕಿಲೋವ್ಯಾಟ್ ಅವರ್. ಬ್ಯಾಟರಿಯ ಗಾತ್ರ ಹೇಳುವುದೂ ಇದರಲ್ಲೇ. 40 ಕಿಲೋವ್ಯಾಟ್ ಅವರ್ ಬ್ಯಾಟರಿ ಅಂದರೆ 40 ಯೂನಿಟ್ ಹಿಡಿಯುವ ಟ್ಯಾಂಕ್. ಬರೀ ಕಿಲೋವ್ಯಾಟ್ ಅಂದರೆ ಆ ಟ್ಯಾಂಕಿಗೆ ನೀರು ಬಿಡುವ ನಲ್ಲಿಯ ರಭಸ. ಈ ಎರಡನ್ನು ಬೆರೆಸಿಕೊಳ್ಳದಿದ್ದರೆ ಅರ್ಧ ಗೊಂದಲ ಮುಗಿದ ಹಾಗೆ.

ಮಧ್ಯಮ ಗಾತ್ರದ ಕಾರು ಒಂದು ಯೂನಿಟ್‌ಗೆ ಸುಮಾರು ಆರು ಕಿಲೋಮೀಟರ್ ಓಡುತ್ತದೆ ಅಂತ ಇಟ್ಟುಕೊಳ್ಳಿ. 230 ವೋಲ್ಟ್ ಇರುವ ಕಡೆ 10 ಆಂಪಿಯರ್ ಎಳೆಯುವ ಸಾದಾ ಪ್ಲಗ್ 2.3 ಕಿಲೋವ್ಯಾಟ್ ಕೊಡುತ್ತದೆ. ಎಂಟು ಗಂಟೆಗೆ 18 ಯೂನಿಟ್ ಆಯಿತು. ದಾರಿಯಲ್ಲಿ ಶೇ 10ರಿಂದ 15ರಷ್ಟು ಬಿಸಿಯಾಗಿ ಹೋದರೂ 16 ಯೂನಿಟ್‌ನಷ್ಟು ಬ್ಯಾಟರಿಗೆ ಸೇರುತ್ತದೆ. ಅಂದರೆ ಒಂದು ರಾತ್ರಿಗೆ ತೊಂಬತ್ತು ಕಿಲೋಮೀಟರ್ ಮೇಲೆ. ಅದೂ ಅತಿ ನಿಧಾನದ ಪ್ಲಗ್‌ನಲ್ಲಿ! 32 ಆಂಪಿಯರ್‌ನ 7.4 ಕಿಲೋವ್ಯಾಟ್ ವಾಲ್‌ಬಾಕ್ಸ್, ಅಂದರೆ ಗೋಡೆಗೆ ಕೂರಿಸುವ ಚಾರ್ಜರ್, ಹಾಕಿಸಿದರೆ ಅದೇ ಎಂಟು ಗಂಟೆಯಲ್ಲಿ ಮುನ್ನೂರು ಕಿಲೋಮೀಟರ್ ಸಿಗುತ್ತದೆ. ನಿಮ್ಮ ದಿನದ ಓಡಾಟ ಐವತ್ತರ ಒಳಗಿದ್ದರೆ ವಾಲ್‌ಬಾಕ್ಸ್ ಇಲ್ಲದೆಯೂ ನಡೆಯುತ್ತದೆ, ಲೈನ್ ಮಾತ್ರ ಗಟ್ಟಿ ಇರಲಿ.

ಹೆಜ್ಜೆ 3: ಕಾರು ಆರಿಸುವಾಗ

ಜಾಹೀರಾತಿನಲ್ಲಿ ಹೇಳುವ ರೇಂಜ್, ಅಂದರೆ ಒಂದು ಚಾರ್ಜ್‌ಗೆ ಹೋಗುವ ದೂರ, ಪ್ರಯೋಗಾಲಯದ ಪರೀಕ್ಷೆಯದು. ರಸ್ತೆಯಲ್ಲಿ ಅಷ್ಟು ಬರುವುದಿಲ್ಲ. ಹೆದ್ದಾರಿ ವೇಗ ಎಲ್ಲಕ್ಕಿಂತ ಜಾಸ್ತಿ ತಿನ್ನುತ್ತದೆ: ಗಂಟೆಗೆ 80 ಕಿಲೋಮೀಟರ್‌ನಿಂದ 110ಕ್ಕೆ ಏರಿದರೆ ಎದುರು ಗಾಳಿಯ ತಡೆ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಪೆಟ್ರೋಲ್ ಕಾರು ಊರೊಳಗೆ ಕಡಿಮೆ ಮೈಲೇಜ್, ಹೆದ್ದಾರಿಯಲ್ಲಿ ಜಾಸ್ತಿ ಕೊಡುತ್ತದೆ ಅಲ್ವಾ? ಇದು ಉಲ್ಟಾ. ನಿಂತು ಹೊರಡುವ ಟ್ರಾಫಿಕ್‌ನಲ್ಲಿ ಬ್ರೇಕ್ ಹಿಡಿದಾಗೆಲ್ಲ ಮೋಟಾರ್ ಜನರೇಟರ್ ಆಗಿ ಸ್ವಲ್ಪ ಕರೆಂಟನ್ನು ವಾಪಸ್ ಬ್ಯಾಟರಿಗೆ ಕಳಿಸುತ್ತದೆ. ಕೊರೆಯುವ ಚಳಿಯಲ್ಲಂತೂ ರೇಂಜ್ ಚೆನ್ನಾಗಿಯೇ ಇಳಿಯುತ್ತದೆ, ಬ್ಯಾಟರಿಯೂ ಜಡವಾಗಿರುತ್ತದೆ, ಹೀಟರ್‌ಗೂ ಕರೆಂಟ್ ಬೇಕು.

ಬ್ಯಾಟರಿ ಯಾವ ಜಾತಿಯದು ಅಂತ ತಪ್ಪದೆ ಕೇಳಿ. ಈಗ ಮುಖ್ಯವಾಗಿ ಎರಡು ಬಗೆ. ಎಲ್‌ಎಫ್‌ಪಿ, ಅಂದರೆ ಕಬ್ಬಿಣ ಮತ್ತು ಫಾಸ್ಫೇಟ್ ಬಳಸಿದ್ದು. ಇದು ತೂಕ ಜಾಸ್ತಿ, ಆದರೆ ಬಿಸಿಗೆ ಬೇಗ ಕೆರಳುವುದಿಲ್ಲ, ತುಂಬಾ ಸಲ ಚಾರ್ಜ್ ಮಾಡಿದರೂ ಬಾಳಿಕೆ ಬರುತ್ತದೆ. ಇನ್ನೊಂದು ಎನ್‌ಎಂಸಿ, ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್ ಇರುವುದು. ಅಷ್ಟೇ ತೂಕದಲ್ಲಿ ಹೆಚ್ಚು ದೂರ ಕೊಡುತ್ತದೆ, ಆದರೆ ದಿನಾ ಭರ್ತಿ ತುಂಬಿಸಿಡುವುದು ಅದಕ್ಕೆ ಒಗ್ಗುವುದಿಲ್ಲ. ದಿನಾ ಊರೊಳಗೆ ಓಡಾಡುವವರಿಗೆ ನಾನು ಎಲ್‌ಎಫ್‌ಪಿ ಅನ್ನೇ ಹೇಳುತ್ತೇನೆ.

ಬ್ಯಾಟರಿಯನ್ನು ತಂಪು ಮಾಡುವ ವ್ಯವಸ್ಥೆ ಏನಿದೆ ಅನ್ನುವುದನ್ನೂ ಬಿಡಬೇಡಿ, ಸೆಕೆಂಡ್ ಹ್ಯಾಂಡ್ ನೋಡುವವರಂತೂ ಖಂಡಿತ ಕೇಳಬೇಕು. 2010ರಲ್ಲಿ ಬಂದ ನಿಸಾನ್ ಲೀಫ್ ಕಾರಿನ ಬ್ಯಾಟರಿಗೆ ಕೂಲೆಂಟ್ ಅನ್ನುವ ದ್ರವ ಹರಿಸಿ ತಂಪು ಮಾಡುವ ವ್ಯವಸ್ಥೆ ಇರಲಿಲ್ಲ. ಅಮೆರಿಕದ ಅರಿಜೋನಾದಂಥ ಬಿಸಿಲು ಸೀಮೆಯಲ್ಲಿ ಕೆಲವರ ಬ್ಯಾಟರಿ ಒಂದೆರಡು ವರ್ಷದಲ್ಲೇ ಕುಗ್ಗತೊಡಗಿತು. ಹಳೆ ಕಾರು ಕೊಳ್ಳುವಾಗ ಓಡಿದ ಕಿಲೋಮೀಟರ್‌ಗಿಂತ ಬ್ಯಾಟರಿಯ ಆರೋಗ್ಯದ ವರದಿ ಮುಖ್ಯ. ಹೊಸದಾಗಿದ್ದಾಗ ಹಿಡಿಯುತ್ತಿದ್ದುದರಲ್ಲಿ ಈಗ ಶೇಕಡ ಎಷ್ಟು ಹಿಡಿಯುತ್ತದೆ ಅಂತ ಅದು ಹೇಳುತ್ತದೆ. ಹೊಸ ಕಾರಿಗೆ ಹಲವು ಕಂಪನಿಗಳು 8 ವರ್ಷ ಅಥವಾ 1,60,000 ಕಿಲೋಮೀಟರ್ ಬ್ಯಾಟರಿ ವಾರಂಟಿ ಕೊಡುತ್ತವೆ, ಸಾಮರ್ಥ್ಯ ಶೇ 70ಕ್ಕಿಂತ ಇಳಿದರೆ ಅಂತ ಷರತ್ತು ಇರುತ್ತದೆ. ವಾರಂಟಿ ಪುಸ್ತಕದಲ್ಲಿ ಆ ಸಾಲು ಇದೆಯಾ ಅಂತ ನೀವೇ ಓದಿ.

ಪೋರ್ಟ್ ವಿಷಯ ಬೇಗ ಮುಗಿಸೋಣ. ಯುರೋಪ್‌ನಲ್ಲೂ ಇನ್ನೂ ಹಲವು ದೇಶಗಳಲ್ಲೂ ನಿಧಾನದ ಚಾರ್ಜಿಂಗ್‌ಗೆ ಟೈಪ್ 2, ವೇಗದ್ದಕ್ಕೆ ಸಿಸಿಎಸ್2 ಅನ್ನುವ ಪೋರ್ಟ್ ನಡೆಯುತ್ತದೆ. ಜಪಾನ್‌ನದು ಚಾಡೆಮೊ, ಚೀನಾದ್ದು ಜಿಬಿ/ಟಿ. ನೀವು ಓಡಾಡುವ ಕಡೆ ಯಾವುದು ಜಾಸ್ತಿ ಇದೆಯೋ ಅದೇ ಇರುವ ಕಾರು ತಗೊಳ್ಳಿ.

ಟೆಸ್ಟ್ ಡ್ರೈವ್‌ಗೆ ಹೋದಾಗ ಹತ್ತು ನಿಮಿಷದ ಸುತ್ತಿಗೆ ಒಪ್ಪಬೇಡಿ. ಮನೆಯವರನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ, ಒಂದು ಗಂಟೆ ಓಡಿಸಿ. ಆಕ್ಸಿಲರೇಟರ್‌ನಿಂದ ಕಾಲು ತೆಗೆದಾಗ ಕಾರು ತಾನೇ ನಿಧಾನ ಆಗುವುದು ಮೊದಲ ಸಲ ವಿಚಿತ್ರ ಅನಿಸುತ್ತದೆ, ಹಿಂದೆ ಕೂತವರಿಗೆ ತಲೆ ತಿರುಗಲೂಬಹುದು. ಅದನ್ನು ಕಡಿಮೆ ಮಾಡುವ ಸೆಟ್ಟಿಂಗ್ ಹೆಚ್ಚಿನ ಕಾರುಗಳಲ್ಲಿ ಇರುತ್ತದೆ, ತೋರಿಸಲು ಹೇಳಿ.

ಹೆಜ್ಜೆ 4: ಮನೆಯಲ್ಲಿ ಮೊದಲ ಚಾರ್ಜ್

ಮೊದಲು ಗೋಡೆಯ ಕಡೆ ಸಿಕ್ಕಿಸಿ, ಆಮೇಲೆ ಕಾರಿನ ಕಡೆ. ಕಾರಿಗೆ ಸಿಕ್ಕಿಸುವ ಕೇಬಲ್ ತುದಿಯ ಹಿಡಿಗೆ ಗನ್ ಅನ್ನುತ್ತಾರೆ, ಅದನ್ನು ಪೂರ್ತಿ ಒತ್ತಿದಾಗ ‘ಟಕ್’ ಅಂತ ಲಾಕ್ ಬೀಳುವ ಸದ್ದು ಕೇಳಬೇಕು. ಒಂದೆರಡು ಕ್ಷಣ ಕಾರು ಮತ್ತು ಚಾರ್ಜರ್ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ: ಅರ್ಥಿಂಗ್ ಇದೆಯಾ, ಎಷ್ಟು ಆಂಪಿಯರ್ ಎಳೆಯಬಹುದು ಅಂತ. ಅದಾದ ಮೇಲೆ ಒಳಗೆ ಇನ್ನೊಂದು ಸಣ್ಣ ‘ಕಟಕ್’. ಆಗಲೇ ಕರೆಂಟ್ ಹರಿಯುವುದು. ಅದಕ್ಕೂ ಮುಂಚೆ ಗನ್‌ನ ಪಿನ್‌ಗಳಲ್ಲಿ ಚಾರ್ಜಿಂಗ್ ಕರೆಂಟ್ ಇರುವುದಿಲ್ಲ, ಹಾಗಾಗಿ ಮಳೆಯಲ್ಲಿ ಚಾರ್ಜ್ ಮಾಡಲು ಹೆದರಬೇಕಿಲ್ಲ. ಆದರೆ ಗೋಡೆಯ ಪ್ಲಗ್ ನೆನೆಯಬಾರದು, ಅದಕ್ಕೆ ಮುಚ್ಚಳದ ಬಾಕ್ಸ್ ಹಾಕಿಸಿ.

ಅರ್ಧ ಗಂಟೆ ಬಿಟ್ಟು ಪ್ಲಗ್ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಕೈ ಇಡಲು ಆಗುತ್ತಿಲ್ಲ ಅಂದರೆ ತಕ್ಷಣ ನಿಲ್ಲಿಸಿ, ರಿಪೇರಿ ಆಗುವ ತನಕ ಆ ಪ್ಲಗ್ ಬಳಸಬೇಡಿ.

ಎನ್‌ಎಂಸಿ ಬ್ಯಾಟರಿ ಇದ್ದರೆ ದಿನದ ಮಿತಿಯನ್ನು ಶೇ 80ಕ್ಕೆ ಇಡಿ, ದೂರ ಹೋಗುವ ಹಿಂದಿನ ರಾತ್ರಿ ಮಾತ್ರ 100. ಎಲ್‌ಎಫ್‌ಪಿಗೆ ಹಲವು ಕಂಪನಿಗಳು ವಾರಕ್ಕೊಮ್ಮೆಯಾದರೂ 100 ಮಾಡಿ ಅನ್ನುತ್ತವೆ. ಅದರ ವೋಲ್ಟೇಜ್ ಮಧ್ಯದಲ್ಲಿ ಹೆಚ್ಚು ಏರಿಳಿಯುವುದಿಲ್ಲವಾದ್ದರಿಂದ ಎಷ್ಟು ಉಳಿದಿದೆ ಅನ್ನುವುದು ಕಾರಿಗೇ ಸರಿಯಾಗಿ ಗೊತ್ತಾಗುವುದಿಲ್ಲ, ಭರ್ತಿ ಆದಾಗ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಎರಡಕ್ಕೂ ಒಂದು ಮಾತು: ಪೂರ್ತಿ ಖಾಲಿ ಮಾಡಿ ದಿನಗಟ್ಟಲೆ ಹಾಗೇ ನಿಲ್ಲಿಸಬೇಡಿ.

ಹೆಜ್ಜೆ 5: ದಾರಿಯಲ್ಲಿ ಫಾಸ್ಟ್ ಚಾರ್ಜಿಂಗ್

ಮನೆಯಲ್ಲಿ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಕರೆಂಟ್; ಬ್ಯಾಟರಿಗೆ ಬೇಕಾದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಮನೆಯಲ್ಲಿ ಆ ಬದಲಾವಣೆ ಮಾಡುವುದು ಕಾರಿನೊಳಗಿನ ಸಣ್ಣ ಚಾರ್ಜರ್. ಅದರ ಶಕ್ತಿ 7.4 ಕಿಲೋವ್ಯಾಟ್ ಆಗಿದ್ದರೆ ಹೊರಗೆ 22 ಕಿಲೋವ್ಯಾಟ್‌ನ ಎಸಿ ಚಾರ್ಜರ್‌ಗೆ ಸಿಕ್ಕಿಸಿದರೂ 7.4 ಮಾತ್ರ ತಗೊಳ್ಳುತ್ತದೆ. ಹೆದ್ದಾರಿಯ ದೊಡ್ಡ ಚಾರ್ಜರ್ ಹೊರಗೇ ಡಿಸಿ ಮಾಡಿ ನೇರ ಬ್ಯಾಟರಿಗೆ ಕೊಡುತ್ತದೆ. ಅದಕ್ಕೇ ಅಷ್ಟು ವೇಗ.

ಆದರೆ ಆ ವೇಗ ಕೊನೆ ತನಕ ಇರುವುದಿಲ್ಲ. ಖಾಲಿ ಬಸ್ಸಿಗೆ ಮೊದಲು ಹತ್ತಿದವರು ತಕ್ಷಣ ಸೀಟು ಹಿಡಿಯುತ್ತಾರೆ, ತುಂಬುತ್ತಾ ಬಂದ ಹಾಗೆ ಸೀಟು ಹುಡುಕುವುದೇ ತಡ. ಬ್ಯಾಟರಿಯೂ ಹಾಗೇ. ಹಲವು ಕಾರುಗಳು ಶೇ 10ರಿಂದ 80ಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ಏರುತ್ತವೆ, ಉಳಿದ 20ಕ್ಕೆ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕಾಗುತ್ತದೆ. 80 ಆದ ಕೂಡಲೇ ಗನ್ ಕಿತ್ತು ಹೊರಡಿ. ನಿಮಗೂ ಲಾಭ, ಹಿಂದೆ ಮಕ್ಕಳನ್ನು ಕೂರಿಸಿಕೊಂಡು ಕಾಯುತ್ತಿರುವವರಿಗೂ ಉಪಕಾರ.

ಪ್ರಯಾಣದ ಪ್ಲಾನ್ ಮಾಡುವಾಗ ಪ್ರತಿ ಸಲ ಎರಡು ಚಾರ್ಜರ್ ಗುರುತು ಮಾಡಿ: ನಿಲ್ಲಬೇಕೆಂದಿರುವುದು ಒಂದು, ಅದು ಕೆಟ್ಟಿದ್ದರೆ ಇನ್ನೊಂದು. ಮೊದಲನೆಯದಕ್ಕೆ ತಲುಪಿದಾಗ ಬ್ಯಾಟರಿಯಲ್ಲಿ ಶೇ 20 ಉಳಿದಿರಬೇಕು. ಆ್ಯಪ್‌ನಲ್ಲಿ ಹಸಿರು ಚುಕ್ಕೆ ಇದೆ ಅಂತ ನಂಬಿ ಹೊರಡಬೇಡಿ. ಇತ್ತೀಚೆಗೆ ಅಲ್ಲಿ ಚಾರ್ಜ್ ಮಾಡಿದವರು ಏನು ಬರೆದಿದ್ದಾರೆ ಅಂತ ಓದಿ. ಹಣ ಕಟ್ಟುವ ಆ್ಯಪ್‌ಗಳನ್ನು ಮನೆಯಲ್ಲೇ ಹಾಕಿಕೊಂಡು ನೋಂದಣಿ ಮುಗಿಸಿ. ನೆಟ್‌ವರ್ಕ್ ಸಿಗದ ಜಾಗದಲ್ಲಿ ನಿಂತು ಒಟಿಪಿಗೆ ಕಾದಿದ್ದೇನೆ, ಇಪ್ಪತ್ತು ನಿಮಿಷ ಹಾಗೇ ಹೋಯಿತು.

ಕೆಲವೊಮ್ಮೆ ಗನ್ ಸಿಕ್ಕಿಸಿದರೂ ಚಾರ್ಜ್ ಶುರು ಆಗುವುದಿಲ್ಲ. ಗನ್ ಭಾರ ಇರುತ್ತದೆ, ಕೆಳಗೆ ಜೋತುಬಿದ್ದು ಪಿನ್ ಸರಿಯಾಗಿ ಕೂತಿರುವುದಿಲ್ಲ. ತೆಗೆದು, ಕೈಯಿಂದ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದು ಮತ್ತೆ ಒತ್ತಿ. ಚಾರ್ಜ್ ಮುಗಿದ ಮೇಲೆ ಗನ್ ಬಿಡುತ್ತಿಲ್ಲ ಅಂದರೆ ಎಳೆದಾಡಬೇಡಿ, ಪಿನ್ ಮುರಿಯುತ್ತದೆ. ಕರೆಂಟ್ ನಿಂತಿದೆಯಾ ಅಂತ ಪರದೆಯಲ್ಲಿ ನೋಡಿ, ಕಾರನ್ನು ಒಮ್ಮೆ ಲಾಕ್ ಮಾಡಿ ಅನ್‌ಲಾಕ್ ಮಾಡಿ. ಅದಕ್ಕೂ ಬಗ್ಗದಿದ್ದರೆ ಹಲವು ಕಾರುಗಳಲ್ಲಿ ಬಾನೆಟ್ ಅಡಿ ಅಥವಾ ಡಿಕ್ಕಿಯ ಪಕ್ಕದ ಮುಚ್ಚಳದ ಒಳಗೆ ಲಾಕ್ ಬಿಡಿಸುವ ಒಂದು ಸಣ್ಣ ದಾರ ಇರುತ್ತದೆ. ಕಾರಿನ ಕೀ ಕೊಡುವ ದಿನವೇ ಅದು ಎಲ್ಲಿದೆ ಅಂತ ಕೇಳಿ, ಮುಚ್ಚಳ ತೆಗೆಸಿ, ಒಮ್ಮೆ ಕೈಯಿಂದ ಮುಟ್ಟಿ ನೋಡಿಕೊಳ್ಳಿ.