ಗೊರಸಿನಲ್ಲಿ ಗಾಯ ಎಲ್ಲಿದೆ ಅಂತ ಹೇಳುವುದು ಹೇಗೆ?

ಕುದುರೆಯ ಗೊರಸಿಗೆ ಮೊಳೆ ಚುಚ್ಚಿದೆ ಅಂತ ಫೋನ್ ಬಂದರೆ ನಾನು ಮೊದಲು ಕೇಳುವುದು ‘ಎಲ್ಲಿ?’ ಅಂತ. ‘ಒಳಗಡೆ, ಡಾಕ್ಟ್ರೇ’ ಎನ್ನುತ್ತಾರೆ. ಒಳಗಡೆ ಅಂದರೆ ಪಕ್ಕದ ಕಾಲಿನ ಕಡೆಗೋ, ತಳದಲ್ಲೋ, ಆಳದಲ್ಲೋ? ನಾನಿರುವುದು ಶಿರಸಿಯಲ್ಲಿ, ಕುದುರೆ ಕಾರವಾರದ ಕಡಲತೀರದಲ್ಲಿ. ದೇವಿಮನೆ ಘಟ್ಟ ಇಳಿದು ಬರುವ ತನಕ ನಿಮ್ಮ ಮಾತೇ ನನಗೆ ಕಣ್ಣು. ಅದಕ್ಕೇ ಸವಾರಿ ಕುದುರೆ ಸಾಕುವವರೆಲ್ಲ ಈ ಕೆಲವು ಪದ ಕಲಿಯಲೇಬೇಕು ಅನ್ನುತ್ತೇನೆ.

ಒಂದು ಮಾತು ಗಟ್ಟಿಯಾಗಿ ನೆನಪಿರಲಿ. ಈ ದಿಕ್ಕುಗಳೆಲ್ಲ ಕುದುರೆಯ ಮೈಗೆ ಸೇರಿದವು, ನೋಡುವವರ ಕಣ್ಣಿಗಲ್ಲ. ಎಡ ಅಂದರೆ ಕುದುರೆಯದೇ ಎಡ. ನೀವು ಎದುರಿಗೆ ನಿಂತರೆ ಅದು ನಿಮ್ಮ ಬಲಗೈ ಕಡೆ ಇರುತ್ತದೆ.

ಗೊರಸಿನ ಮುಂಭಾಗ ಡಾರ್ಸಲ್. ಇದು ನಾಲ್ಕೂ ಕಾಲಿಗೆ ಒಂದೇ. ಹಿಮ್ಮಡಿಯ ಕಡೆಗೆ ಮಾತ್ರ ಎರಡು ಹೆಸರು: ಮುಂಗಾಲಿನಲ್ಲಿ ಪಾಲ್ಮರ್, ಹಿಂಗಾಲಿನಲ್ಲಿ ಪ್ಲಾಂಟರ್. ಮುಂಗಾಲಿನಲ್ಲಿ ನಾವು ಮೊಣಕಾಲು ಅನ್ನುವ ಗಂಟು ನಿಜಕ್ಕೂ ಕುದುರೆಯ ಮಣಿಕಟ್ಟು. ಅದರ ಕೆಳಗಿನದೆಲ್ಲ ನಮ್ಮ ಅಂಗೈ, ಬೆರಳಿಗೆ ಸಮ. ಹಾಗಾಗಿ ‘ಪಾಲ್ಮರ್’ ಅಂದ ಕೂಡಲೇ ಮುಂಗಾಲು ಅಂತ ನನಗೆ ಗೊತ್ತಾಗುತ್ತದೆ. ಪಕ್ಕದ ಕಾಲಿನ ಕಡೆಯದು ಮೀಡಿಯಲ್, ಹೊರಗಡೆಯದು ಲ್ಯಾಟರಲ್. ಮೈಗೆ ಹತ್ತಿರದ್ದು ಪ್ರಾಕ್ಸಿಮಲ್, ನೆಲಕ್ಕೆ ಹತ್ತಿರದ್ದು ಡಿಸ್ಟಲ್.

ಜಾಸ್ತಿ ಗೊಂದಲ ಆಗುವುದು ಕಾಲೆತ್ತಿದಾಗ. ಮುಂಗಾಲು ಮಡಚಿ ಹಿಡಿದರೆ ತಳ ಮೇಲಕ್ಕೆ ಬರುತ್ತದೆ, ಗೊರಸಿನ ತುದಿ ಬಾಲದ ಕಡೆಗೆ ತಿರುಗುತ್ತದೆ. ಆದರೂ ಡಾರ್ಸಲ್ ಡಾರ್ಸಲ್ಲೇ, ಡಿಸ್ಟಲ್ ಡಿಸ್ಟಲ್ಲೇ. ಇನ್ನು ಬರೀ ತಳದ ಫೋಟೊ ಕಳಿಸಿದರೆ ಯಾವ ಕಾಲು, ಯಾವ ಬದಿ ಅಂತ ಹೇಳುವುದು ಕಷ್ಟ, ಅಲ್ವಾ? ಕಾಲೆತ್ತುವ ಮೊದಲೇ ಗೊರಸಿನ ಗೋಡೆಯ ಲ್ಯಾಟರಲ್ ಬದಿ ಒರೆಸಿ, ಅಲ್ಲಿ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೆಲ ಮುಟ್ಟುವ ಅಂಚಿನವರೆಗೂ ಬರಲಿ. ಕುದುರೆ ನಿಂತಾಗ ಒಂದು ಫೋಟೊ, ಎತ್ತಿದಾಗ ಇನ್ನೊಂದು. ಗೆರೆ ಇರುವ ಕಡೆ ಲ್ಯಾಟರಲ್.

ಹೇಳುವ ಕ್ರಮ ಹೀಗಿರಲಿ: ‘ಬಲ ಮುಂಗಾಲು, ತಳ, ಫ್ರಾಗಿನ ನಡುಭಾಗ, ಲ್ಯಾಟರಲ್ ಪಕ್ಕದ ಗೀರಿನಲ್ಲಿ ಮೊಳೆ.’ ಫ್ರಾಗ್ ಅಂದರೆ ತಳದ ನಡುವಿನ ಮೆತ್ತಗಿನ ತ್ರಿಕೋನ, ಅದರ ತುದಿ ಡಾರ್ಸಲ್ ಕಡೆಗೆ. ಅದರ ಎರಡೂ ಪಕ್ಕದಲ್ಲಿರುವ ತಗ್ಗೇ ಗೀರು. ಇಷ್ಟು ಕೇಳಿದರೆ ಸಾಕು, ನನ್ನ ಎದೆ ಧಸಕ್ಕೆನ್ನುತ್ತದೆ. ಆ ಜಾಗದ ಒಳಗೇ ಆಳದ ಸ್ನಾಯುರಜ್ಜು ಹಾದುಹೋಗುತ್ತದೆ, ಅದಕ್ಕಿಂತ ಒಳಗೆ ನ್ಯಾವಿಕ್ಯುಲರ್ ಎಂಬ ಪುಟ್ಟ ಮೂಳೆ, ಎರಡರ ನಡುವೆ ದ್ರವದ ಚೀಲ. ಅಲ್ಲಿಗೆ ಸೋಂಕು ಹತ್ತಿದರೆ ಕುದುರೆ ಉಳಿಯುವುದೇ ಕಷ್ಟ. ಹಾಗಾಗಿ ಮೊಳೆಯನ್ನು ಸುಮ್ನೆ ಕಿತ್ತು ಎಸೆಯಬೇಡಿ. ಮೊಳೆ ಇದ್ದಾಗಲೇ ಎಕ್ಸ್-ರೇ ತೆಗೆದರೆ ಎಷ್ಟು ಆಳ, ಯಾವ ಓರೆ ಅಂತ ಕಾಣುತ್ತದೆ. ಕುದುರೆ ತುಳಿದು ಇನ್ನೂ ಒಳಕ್ಕೆ ಹೋಗುವಂತಿದ್ದರೆ ಫೋನಿನಲ್ಲೇ ಕೇಳಿ, ಕೀಳಬೇಕೋ ಬಿಡಬೇಕೋ ಹೇಳುತ್ತೇನೆ. ಕೀಳುವುದಾದರೆ ಮೊದಲು ಫೋಟೊ, ಆಮೇಲೆ ತೂತಿನ ಸುತ್ತ ಗುರುತು. ಮೊಳೆಯನ್ನೂ ತೆಗೆದಿಡಿ. ಧನುರ್ವಾಯು ಕುದುರೆಗೆ ಬೇಗ ಹತ್ತುತ್ತದೆ, ಇಂಜೆಕ್ಷನ್ ಯಾವಾಗ ಕೊಡಿಸಿದ್ದು ಅಂತಲೂ ನೋಡಿಡಿ.

ಗೋಡೆ ಬಿರುಕು ಬಿಟ್ಟರೆ ಅದು ಎಲ್ಲಿ ಶುರುವಾಗಿದೆ ಅಂತ ಹೇಳಿ. ಕೂದಲು ಮುಗಿದು ಗೊರಸು ಶುರುವಾಗುವ ಪ್ರಾಕ್ಸಿಮಲ್ ಅಂಚಿನಲ್ಲೋ, ನೆಲದ ಡಿಸ್ಟಲ್ ಅಂಚಿನಲ್ಲೋ? ಗೊರಸು ಬೆಳೆಯುವುದು ಮೇಲಿನಿಂದ ಕೆಳಕ್ಕೆ, ತಿಂಗಳಿಗೆ ಸುಮಾರು 6ರಿಂದ 10 ಮಿ.ಮೀ. ಕೆಳಗಿನ ಸಣ್ಣ ಬಿರುಕನ್ನು ಲಾಳ ಹೊಡೆಯುವವರೇ ಎಷ್ಟೋ ಸಲ ಸರಿಮಾಡುತ್ತಾರೆ. ಮೇಲಿನಿಂದ ಬಂದಿದ್ದರೆ, ರಕ್ತ ಇದ್ದರೆ, ಕುದುರೆ ಕುಂಟುತ್ತಿದ್ದರೆ ಅದೇ ದಿನ ಫೋನ್ ಮಾಡಿ.