ನಿಮ್ಮ ಹೆಸರಲ್ಲಿ ಬೇರೆಯವರು ಸಾಲ ಮಾಡದಿರಲು: ಮೊದಲು ಇಮೇಲ್ ಭದ್ರ ಮಾಡಿ

ಹೆಸರು, ಹುಟ್ಟಿದ ದಿನ, ಫೋನ್ ನಂಬರ್, ಗುರುತಿನ ಚೀಟಿಯ ಸಂಖ್ಯೆ. ಇಷ್ಟು ಕೈಗೆ ಸಿಕ್ಕರೆ ಕಳ್ಳರು ನೀವೇ ಎಂದು ಹೇಳಿಕೊಂಡು ಸಾಲ ಎತ್ತಬಹುದು, ಸಿಮ್ ಪಡೆಯಬಹುದು. ಎಷ್ಟೋ ಸಲ ಇದರಲ್ಲಿ ನಮ್ಮ ತಪ್ಪೇ ಇರುವುದಿಲ್ಲ. 2017ರಲ್ಲಿ ಅಮೆರಿಕದ ಈಕ್ವಿಫ್ಯಾಕ್ಸ್‌ನಿಂದ ಸುಮಾರು 14.7 ಕೋಟಿ ಜನರ ವಿವರ ಕಳುವಾಯಿತು. ಜನರ ಸಾಲದ ಇತಿಹಾಸ ಇಡುವ ಕಂಪನಿ ಅದು. ಅದಕ್ಕೆ ವಿವರ ಹೋಗುವುದು ಬ್ಯಾಂಕುಗಳಿಂದ, ಸಾಲ ಕೊಟ್ಟವರಿಂದ. ಹಾಗಾಗಿ ಒಂದು ವಿವರ ಹೊರಬಿದ್ದರೂ ಅದರಿಂದ ಇನ್ನೊಂದು ಖಾತೆ ತೆರೆಯದಂತೆ ಮಾಡಿಕೊಳ್ಳಬೇಕು.

ಶುರು ಮಾಡಬೇಕಾದ್ದು ಇಮೇಲ್‌ನಿಂದ. ಬ್ಯಾಂಕ್ ಖಾತೆಯಿಂದ ಅಲ್ವಾ ಎಂದು ನೀವು ಕೇಳಬಹುದು. ಆದರೆ ನೋಡಿ, ಯಾವುದೇ ಖಾತೆಯಲ್ಲಿ ‘ಪಾಸ್‌ವರ್ಡ್ ಮರೆತಿದೆ’ ಎಂದು ಒತ್ತಿದರೆ ಹೊಸದಕ್ಕೆ ಲಿಂಕ್ ಬರುವುದು ಸಾಮಾನ್ಯವಾಗಿ ಇಮೇಲ್‌ಗೇ. ಅದು ಹೋಯಿತೆಂದರೆ ಉಳಿದವೂ ಹೋದಂತೆ.

ಇಮೇಲ್‌ಗೆ ಉದ್ದನೆಯ ಪಾಸ್‌ವರ್ಡ್ ಇಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೂ ಆಯಿತು. ಅದನ್ನು ಬೇರೆಲ್ಲೂ ಬಳಸಬೇಡಿ. ಒಂದು ಕಡೆ ಸೋರಿದ ಪಾಸ್‌ವರ್ಡನ್ನು ಕಳ್ಳರ ಪ್ರೋಗ್ರಾಮ್‌ಗಳು ನೂರಾರು ಸೈಟುಗಳಲ್ಲಿ ತಾವಾಗಿಯೇ ಹಾಕಿ ನೋಡುತ್ತವೆ. ಖಾತೆಗೊಂದು ಪಾಸ್‌ವರ್ಡ್ ನೆನಪಿಡುವುದು ಯಾರಿಗೂ ಕಷ್ಟ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಇದೆ, ಎಲ್ಲವನ್ನೂ ಒಂದೇ ಕಡೆ ಭದ್ರವಾಗಿ ಇಡುವ ಆ್ಯಪ್. ನಿಮ್ಮ ಇಮೇಲ್ ವಿಳಾಸ ಈಗಾಗಲೇ ಎಲ್ಲಾದರೂ ಸೋರಿದೆಯೇ ಎಂದು ನೋಡಲು ‘ಹ್ಯಾವ್ ಐ ಬೀನ್ ಪೋನ್ಡ್’ ಎಂಬ ಉಚಿತ ಸೈಟ್ 2013ರಿಂದ ಇದೆ.

ಆಮೇಲೆ ಎರಡು ಹಂತದ ಪರಿಶೀಲನೆ ಆನ್ ಮಾಡಿ. ಆಗ ಪಾಸ್‌ವರ್ಡ್ ಜೊತೆಗೆ ಇನ್ನೊಂದು ಪುರಾವೆಯೂ ಬೇಕಾಗುತ್ತದೆ. ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡ್‌ಗಿಂತ ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಒಳ್ಳೆಯದು, ಪಾಸ್‌ಕೀ (ಪಾಸ್‌ವರ್ಡ್ ಬದಲು ನಿಮ್ಮ ಫೋನಿನ ಬೆರಳಚ್ಚು, ಮುಖ ಅಥವಾ ಪಿನ್‌ನಿಂದ ಲಾಗಿನ್ ಆಗುವ ವಿಧಾನ) ಸಿಕ್ಕರೆ ಇನ್ನೂ ಒಳ್ಳೆಯದು. ಯಾಕೆಂದರೆ ಕಳ್ಳರು ಮೊಬೈಲ್ ಕಂಪನಿಗೆ ನಿಮ್ಮ ವಿವರ ಕೊಟ್ಟು, ‘ಸಿಮ್ ಕಳೆದಿದೆ’ ಎಂದು ಹೇಳಿ ನಿಮ್ಮ ನಂಬರನ್ನೇ ತಮ್ಮ ಸಿಮ್‌ಗೆ ಹಾಕಿಸಿಕೊಳ್ಳುತ್ತಾರೆ. ಆಗ ಕೋಡ್‌ಗಳೆಲ್ಲ ಅವರಿಗೇ ಹೋಗುತ್ತವೆ. ಕಾರಣವಿಲ್ಲದೆ ಫೋನಿನ ಸಿಗ್ನಲ್ ಪೂರ್ತಿ ಹೋಗಿ, ಹೊತ್ತಾದರೂ ಬರಲಿಲ್ಲವೆಂದರೆ ಸುಮ್ನೆ ಕೂರಬೇಡಿ. ಬೇರೆ ಫೋನಿನಿಂದ ಕಂಪನಿಗೆ ಕರೆ ಮಾಡಿ.

ಪಾಸ್‌ವರ್ಡ್ ಮರೆತಾಗ ನೀವೇ ಹೌದೋ ಎಂದು ನೋಡಲು ಕೆಲವು ಸೈಟುಗಳು ಕೇಳುವ ‘ನಿಮ್ಮ ಮೊದಲ ಶಾಲೆ ಯಾವುದು’ ಎಂಬಂಥ ಪ್ರಶ್ನೆಗಳಿಗೆ ನಿಜವಾದ ಉತ್ತರ ಕೊಡಲೇಬೇಕೆಂದಿಲ್ಲ. ಅದು ನೀವು ಜಾಲತಾಣದಲ್ಲಿ ಹಾಕಿದ ಹಳೆಯ ಫೋಟೋಗಳ ಕೆಳಗೇ ಸಿಗಬಹುದು. ಏನಾದರೊಂದು ಹುಟ್ಟಿಸಿ ಬರೆದು, ಮ್ಯಾನೇಜರ್‌ನಲ್ಲಿ ಉಳಿಸಿಡಿ.

ಗುರುತಿನ ಚೀಟಿಯ ಜೆರಾಕ್ಸ್ ಕೊಡುವಾಗ ಯಾರಿಗೆ, ಯಾವುದಕ್ಕೆ, ಯಾವ ದಿನ ಕೊಟ್ಟಿದ್ದು ಎಂದು ಅದರ ಮೇಲೆ ಅಡ್ಡಲಾಗಿ ಬರೆಯಿರಿ. ಬೇಡದ ಪ್ರತಿಗಳನ್ನು ಚೂರು ಮಾಡಿ ಎಸೆಯಿರಿ.

ಕರೆ ಮಾಡಿದವರು ನಿಮ್ಮ ಹೆಸರು, ವಿಳಾಸ, ಕಾರ್ಡಿನ ಕೊನೆಯ ಅಂಕಿಗಳನ್ನು ಸರಿಯಾಗಿ ಹೇಳಿದರು ಎಂದು ನಂಬಬೇಡಿ. ಸೋರಿದ ಪಟ್ಟಿಯಲ್ಲಿ ಅದೆಲ್ಲ ಇರಬಹುದು. ಫೋನ್ ಇಟ್ಟು, ಕಾರ್ಡಿನ ಹಿಂದೆ ಅಚ್ಚಾದ ನಂಬರ್‌ಗೆ ನೀವೇ ಕರೆ ಮಾಡಿ. ಒಟಿಪಿ ಮಾತ್ರ ಯಾರಿಗೂ ಹೇಳಬೇಡಿ, ಅವರು ಎಷ್ಟೇ ಗಾಬರಿ ಹುಟ್ಟಿಸಲಿ.

ಆಗಬಾರದ್ದು ಆಗಿಯೇ ಬಿಟ್ಟರೆ? ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್, ಖಾತೆ ತಡೆಹಿಡಿಸಿ. ನಂತರ ಬೇರೆ ಸಾಧನದಿಂದ ಇಮೇಲ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಕಡೆಯಿಂದ ಲಾಗ್ಔಟ್ ಮಾಡಿ. ಇಮೇಲ್ ಸೆಟ್ಟಿಂಗ್ಸ್‌ನಲ್ಲಿ ‘ಫಾರ್ವರ್ಡಿಂಗ್’ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಕಳ್ಳರು ಅಲ್ಲಿ ತಮ್ಮ ವಿಳಾಸ ಸೇರಿಸಿದ್ದರೆ, ಪಾಸ್‌ವರ್ಡ್ ಬದಲಾದ ಮೇಲೂ ನಿಮ್ಮ ಪತ್ರಗಳು ಅವರಿಗೆ ಹೋಗುತ್ತಲೇ ಇರುತ್ತವೆ. ಪೊಲೀಸರಿಗೆ ದೂರು ಕೊಟ್ಟು ಅದರ ಪ್ರತಿ ಇಟ್ಟುಕೊಳ್ಳಿ. ನೀವು ತೆಗೆಯದ ಸಾಲಕ್ಕೆ ಯಾರಾದರೂ ಮುಂದೆ ದುಡ್ಡು ಕೇಳಿದರೆ ಅದು ಬೇಕಾಗುತ್ತದೆ. ನಿಮ್ಮ ಹೆಸರಲ್ಲಿರುವ ಸಾಲಗಳನ್ನು ತೋರಿಸುವ ಕ್ರೆಡಿಟ್ ವರದಿಯನ್ನು ತರಿಸಿ ನೋಡಿ, ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ ನೋಡಿ. ಹೊಸ ಸಾಲ ವರದಿಗೆ ಸೇರಲು ಸ್ವಲ್ಪ ಸಮಯ ಹಿಡಿಯುತ್ತದೆ.