'ಅಂಚೆ ಅಪ್ಪಣ್ಣ'ನ ಮುಖಚಿತ್ರ: ನಾನು ಪರೀಕ್ಷೆ ಮಾಡಿದ ಬಗೆ

"ಅಕ್ಕ, ಇದು ಭೂತದ ಆಟವಾ?"

ಪಕ್ಕದ ಮನೆಯ ಹುಡುಗ ಹೀಗೆ ಕೇಳಿದಾಗ ನಮ್ಮ ಆಟದ ಮುಖಚಿತ್ರ ಕೈಗೆ ಬಂದು ಹತ್ತು ದಿನ ಆಗಿತ್ತು. ಅಲ್ಲಿಯವರೆಗೆ ನೋಡಿದವರೆಲ್ಲ "ತುಂಬಾ ಚೆನ್ನಾಗಿದೆ" ಅಂದಿದ್ದರು. ನಾನೂ ನಂಬಿದ್ದೆ.

ಆಟದ ಹೆಸರು 'ಅಂಚೆ ಅಪ್ಪಣ್ಣ'. ಮಲೆನಾಡಿನ ಒಂದು ಊರು, ಜಡಿಮಳೆ, ಚೀಲದ ತುಂಬ ಕಾಗದ. ಯಾವ ಕಾಗದ ಮೊದಲು ಮುಟ್ಟಬೇಕು, ಯಾವ ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಬಹುದು, ಯಾವ ದಾರಿ ಹಿಡಿದರೆ ಕಾಗದ ನೆನೆಯುವುದಿಲ್ಲ ಎಂದು ಲೆಕ್ಕ ಹಾಕುವ ಪಜಲ್ ಆಟ. ಮಾಡಿದ್ದು ಇಬ್ಬರೇ. ಕೋಡ್ ನನ್ನದು, ಆಟದೊಳಗಿನ ಚಿತ್ರ ಗೆಳತಿಯದು. ಕಂಪ್ಯೂಟರ್ ಆಟಗಳನ್ನು ಮಾರುವ ಸ್ಟೀಮ್ ಎಂಬ ಆನ್‌ಲೈನ್ ಅಂಗಡಿಯ ಮುಖಚಿತ್ರವನ್ನು ಮಾತ್ರ ಹೊರಗಿನ ಕಲಾವಿದರೊಬ್ಬರಿಂದ ಬರೆಸಿದ್ದೆವು. ಅಡಿಕೆ ತೋಟ, ಮಂಜು, ಮಳೆ, ಎಡಗಡೆ ಕಂಬಳಿ ಕೊಪ್ಪೆ ಹೊದ್ದು ನಡೆಯುವ ಅಪ್ಪಣ್ಣ. ದೊಡ್ಡದಾಗಿ ನೋಡಿದರೆ ಮಳೆಯ ಸದ್ದು ಕೇಳಿಸುವಂಥ ಚಿತ್ರ.

ಆ ಹುಡುಗ ನೋಡಿದ್ದು ಮೊಬೈಲಿನಲ್ಲಿ, ಹೆಬ್ಬೆರಳಿನಷ್ಟು ಅಗಲದಲ್ಲಿ. ಅವನು ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ, ಕೊಪ್ಪೆಯನ್ನು ಕಂಡವನಲ್ಲ. ಅವನ ಕಣ್ಣಿಗೆ ಬಿದ್ದದ್ದು ಕತ್ತಲೆ, ಮಂಜು, ಮುಖವೇ ಇಲ್ಲದ ಒಂದು ಮುಸುಕು. ಭೂತ ಅಂದದ್ದು ಸರಿಯಾಗಿಯೇ ಇತ್ತು.

ಅವತ್ತು ನನಗೆ ಒಂದು ವಿಷಯ ಗೊತ್ತಾಯಿತು. ನಾನು ಎಲ್ಲರನ್ನೂ ಕೇಳುತ್ತಿದ್ದ ಪ್ರಶ್ನೆಯೇ ತಪ್ಪು. "ಹೇಗಿದೆ?" ಅಂತ ಕೇಳಿದರೆ ನಮ್ಮವರು ಪ್ರೀತಿಯಿಂದ ಚೆನ್ನಾಗಿದೆ ಅಂತಲೇ ಹೇಳುತ್ತಾರೆ. ಕೇಳಬೇಕಾದದ್ದು "ಇದರಲ್ಲಿ ಏನು ಆಡಬೇಕು ಅನ್ನಿಸುತ್ತೆ?" ಅಂತ.

ಅಲ್ಲಿಂದ ಮುಂದೆ ಪರೀಕ್ಷೆಯನ್ನು ಹೀಗೆ ಮಾಡಿದೆ. ಸ್ಟೀಮ್‌ನಲ್ಲಿ ನಮ್ಮ ಆಟಕ್ಕೆ ಹಾಕುವ ಟ್ಯಾಗ್‌ಗಳನ್ನೇ (ಯಾವ ಬಗೆಯ ಆಟ ಅಂತ ಹೇಳುವ ಪದಗಳು) ಹಾಕಿ ಹುಡುಕಿದೆ. ಬಂದ ಪುಟದ ಸ್ಕ್ರೀನ್‌ಶಾಟ್ ತೆಗೆದು, ಅದರಲ್ಲಿದ್ದ ಒಂದು ಆಟದ ಚಿತ್ರ ತೆಗೆದು ನಮ್ಮದನ್ನು ಅದೇ ಅಳತೆಯಲ್ಲಿ ಅಂಟಿಸಿದೆ. ಮೇಲಿನ ಸಾಲಿನಲ್ಲಿ ಒಂದು, ನಡುವೆ ಒಂದು, ಕೊನೆಯಲ್ಲಿ ಒಂದು ಅಂತ ಮೂರು ಪ್ರತಿ ಮಾಡಿಕೊಂಡೆ. ಆಟದ ಬಗ್ಗೆ ಏನೂ ಗೊತ್ತಿಲ್ಲದವರ ಕೈಗೆ ಮೊಬೈಲ್ ಕೊಟ್ಟು, ಮೂರು ಎಣಿಸಿ ವಾಪಸ್ ತೆಗೆದುಕೊಂಡೆ. ಯಾವುದು ನಮ್ಮದು ಅಂತ ಹೇಳಲಿಲ್ಲ. ಮೊದಲು "ಯಾವುದು ನೆನಪಿದೆ?" ಅಂತ ಕೇಳಿದೆ. ಆಮೇಲೆ ನಮ್ಮ ಚಿತ್ರವನ್ನು ಮಾತ್ರ ಅದೇ ಚಿಕ್ಕ ಅಳತೆಯಲ್ಲಿ ತೋರಿಸಿ, ಏನು ಆಟ ಇರಬಹುದು ಅಂತ ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆ. ನಾನು ನಡುವೆ ಬಾಯಿ ಹಾಕಲಿಲ್ಲ. ಇದೇ ತುಂಬ ಕಷ್ಟದ ಕೆಲಸ. "ಅಲ್ಲ, ಅದು ಕೊಪ್ಪೆ" ಅಂತ ನಾಲಿಗೆ ತುದಿಗೆ ಬರುತ್ತದೆ. ಆದರೆ ಅಂಗಡಿಯಲ್ಲಿ ಗಿರಾಕಿ ಪಕ್ಕ ನಿಂತು ವಿವರಿಸಲು ನಾವು ಇರುವುದಿಲ್ಲ, ಅಲ್ವಾ?

ನೋಡಿದವರಲ್ಲಿ ಹೆಚ್ಚಿನವರಿಗೆ ನಮ್ಮ ಚಿತ್ರ ನೆನಪೇ ಇರಲಿಲ್ಲ. ನೆನಪಿದ್ದವರು ಹೆದರಿಸುವ ಆಟ ಅಂದರು. ಒಬ್ಬರು "ಸುಮ್ನೆ ಕಾಡಿನಲ್ಲಿ ಓಡಾಡೋದಾ?" ಅಂದರು. ಕಾಗದದ ಮಾತು ಒಬ್ಬರೂ ಎತ್ತಲಿಲ್ಲ.

ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡಿದಾಗ ಕಾರಣ ಸಿಕ್ಕಿತು. ತೋಟದ ಹಸಿರು, ಕಂಬಳಿಯ ಕಂದು, ಎರಡೂ ಒಂದೇ ಬೂದು. ಅಪ್ಪಣ್ಣ ತೋಟದೊಳಗೆ ಕರಗಿಹೋಗಿದ್ದ. ಬಣ್ಣ ಬೇರೆ ಇದ್ದರೆ ಸಾಲದು, ತಿಳಿ ಮತ್ತು ಗಾಢದ ವ್ಯತ್ಯಾಸ ಬೇಕು. ಜೊತೆಗೆ ಸ್ಟೀಮ್‌ನ ಪುಟವೇ ಗಾಢ ನೀಲಿ. ನಮ್ಮ ಚಿತ್ರದ ಅಂಚೂ ಗಾಢವಾಗಿದ್ದರಿಂದ ಎಲ್ಲಿ ಪುಟ ಮುಗಿಯಿತು, ಎಲ್ಲಿ ಚಿತ್ರ ಶುರುವಾಯಿತು ಅಂತಲೇ ತಿಳಿಯುತ್ತಿರಲಿಲ್ಲ.

ಅಳತೆಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಸ್ಟೀಮ್‌ನಲ್ಲಿ ಅಂಗಡಿಯ ಚಿತ್ರಗಳಿಗೆ ಕ್ಯಾಪ್ಸೂಲ್ ಅನ್ನುತ್ತಾರೆ. ಆಟದ ಪುಟದ ತಲೆಗೆ ಬರುವುದು 920×430 ಪಿಕ್ಸೆಲ್, ದೊಡ್ಡದು 1232×706, ನಿಂತ ಆಕಾರದ್ದು 748×896. ನಿಜವಾದ ಪರೀಕ್ಷೆ ಇರುವುದು ಚಿಕ್ಕದರಲ್ಲಿ. ಅಪ್‌ಲೋಡ್ ಮಾಡುವುದು 462×174, ಆದರೆ ಅದನ್ನೇ ಕುಗ್ಗಿಸಿ 184×69, 120×45 ಅಳತೆಯಲ್ಲೂ ಬಳಸುತ್ತಾರೆ. 45 ಪಿಕ್ಸೆಲ್ ಎತ್ತರದಲ್ಲಿ ಚಿತ್ರಕ್ಕೆ ಜಾಗವೇ ಇರುವುದಿಲ್ಲ. ಅಲ್ಲಿ ಲೋಗೊ, ಅಂದರೆ ಆಟದ ಹೆಸರು ಬರೆದ ಅಕ್ಷರ, ಓದಲು ಬಂದರೆ ಗೆದ್ದಂತೆ.

ಲೋಗೊ ನನಗೆ ತುಂಬ ಹತ್ತಿರದ ವಿಷಯ. ಹೆಸರು ಕನ್ನಡ ಅಕ್ಷರದಲ್ಲೇ ಕಾಣಬೇಕು ಅಂತ ಮೊದಲ ದಿನದಿಂದ ಆಸೆ. ಆದರೆ 'ಅಪ್ಪಣ್ಣ'ದಲ್ಲಿ ಎರಡು ಒತ್ತಕ್ಷರ. ಇಂಗ್ಲಿಷ್ ದೊಡ್ಡಕ್ಷರಗಳು ಒಂದೇ ಸಾಲಿನಲ್ಲಿ ಸಮವಾಗಿ ನಿಲ್ಲುತ್ತವೆ, ಇದ್ದ ಎತ್ತರ ಪೂರ್ತಿ ಅವಕ್ಕೇ ಸಿಗುತ್ತದೆ. ನಮ್ಮ ಅಕ್ಷರಕ್ಕೆ ತಲೆಕಟ್ಟು ಮೇಲೆ, ಒತ್ತು ಕೆಳಗೆ. ಅದೇ ಎತ್ತರದಲ್ಲಿ ಮೂರು ಅಂತಸ್ತು ಹಿಡಿಸಬೇಕು. ಕುಗ್ಗಿಸಿದಾಗ ಮೊದಲು ಹೋಗುವುದು ಒತ್ತು. ಪ ಒತ್ತು, ಣ ಒತ್ತು ಎರಡೂ ಒಂದೇ ಥರದ ಮಸಿ ಚುಕ್ಕೆಗಳಾದವು.

ಇದಕ್ಕೆ ವಾರಗಟ್ಟಲೆ ಕೂತೆವು. ರೆಡಿ ಫಾಂಟ್ ಬಿಟ್ಟು ಗೆಳತಿ ಕೈಯಲ್ಲೇ ಅಕ್ಷರ ಬರೆದಳು. 'ಅಂಚೆ' ಪದದಲ್ಲಿ ಒತ್ತು ಇಲ್ಲ, ಹಾಗಾಗಿ ಅದನ್ನು ಮೇಲಿನ ಸಾಲಿನಲ್ಲಿ ಇಟ್ಟಳು. ಕೆಳಗಿನ ಸಾಲಿನೊಂದಿಗೆ ಢಿಕ್ಕಿ ಹೊಡೆಯುವ ಭಯ ಇಲ್ಲ. 'ಅಪ್ಪಣ್ಣ' ಕೆಳಗೆ, ಒತ್ತುಗಳಿಗೆ ಜೋತುಬೀಳಲು ಖಾಲಿ ಜಾಗ. ಒತ್ತನ್ನು ಸಾಮಾನ್ಯಕ್ಕಿಂತ ದೊಡ್ಡದು ಮಾಡಿ, ಅಕ್ಷರದೊಳಗಿನ ಖಾಲಿ ಜಾಗವನ್ನು ಅಗಲ ಮಾಡಿದಳು. ದೊಡ್ಡ ಕ್ಯಾಪ್ಸೂಲ್‌ಗಳಲ್ಲಿ ಇದು ಸೊಗಸಾಗಿ ಕೂತಿತು, ಅದರ ಕೆಳಗೆ ಇಂಗ್ಲಿಷ್ ಅಕ್ಷರದಲ್ಲೂ ಹೆಸರು. 120×45ರಲ್ಲಿ ಮಾತ್ರ ಏನು ಮಾಡಿದರೂ ಓದಲು ಆಗಲಿಲ್ಲ. ಚಿಕ್ಕ ಕ್ಯಾಪ್ಸೂಲಿಗೆ ಇಂಗ್ಲಿಷ್ ಅಕ್ಷರ ಒಂದನ್ನೇ ಹಾಕಿದೆವು. ಆ ನಿರ್ಧಾರ ಮಾಡಿದ ದಿನ ಮನಸ್ಸಿಗೆ ನೋವಾಯಿತು. ಆದರೆ ಓದಲಾಗದ ಕನ್ನಡವನ್ನು ಇಡುವುದು ಕನ್ನಡಕ್ಕೂ ಒಳ್ಳೆಯದಲ್ಲ ಅನ್ನಿಸಿತು.

ಒಂದು ಬಹುಮಾನದ ಗುರುತನ್ನೂ ಮುಖಚಿತ್ರದ ಮೂಲೆಯಲ್ಲಿ ಹಾಕುವ ಯೋಚನೆ ಇತ್ತು. 2022ರ ಸೆಪ್ಟೆಂಬರ್ 1ರಿಂದ ಸ್ಟೀಮ್ ಅದಕ್ಕೆ ಅವಕಾಶ ಕೊಡುವುದಿಲ್ಲ. ವಿಮರ್ಶೆಯ ಅಂಕ, ಪ್ರಶಸ್ತಿ, ರಿಯಾಯಿತಿ ಯಾವುದೂ ಬರೆಯುವಂತಿಲ್ಲ. ಚಿತ್ರ, ಆಟದ ಹೆಸರು, ಉಪಶೀರ್ಷಿಕೆ ಇದ್ದರೆ ಅದು, ಅಷ್ಟೆ. ನನಗೆ ಈ ನಿಯಮ ಇಷ್ಟ. ದೊಡ್ಡ ಕಂಪನಿಯ ಆಟವೂ ನಮ್ಮದೂ ಅಷ್ಟರ ಮಟ್ಟಿಗೆ ಸಮ.

ಕಲಾವಿದರ ಹತ್ತಿರ ಮತ್ತೆ ಹೋಗಿ ಮಾತಾಡಿದೆ. ತಪ್ಪು ಅವರದಲ್ಲ. "ಮಲೆನಾಡಿನ ಮಳೆ ಬೇಕು" ಅಂತ ನಾನು ಹೇಳಿದ್ದೆ, ಅವರು ಮಳೆಯನ್ನೇ ಬರೆದುಕೊಟ್ಟಿದ್ದರು. ಈ ಸಲ ಬರೆದುಕೊಂಡೇ ಹೋಗಿದ್ದೆ: ಆಡುವವನು ಏನು ಮಾಡುತ್ತಾನೋ ಅದು ಕಾಣಬೇಕು, ಒಂದೇ ಮುಖ, ಒಂದೇ ವಸ್ತು, ಹಿಂದೆ ತಿಳಿ ಬಣ್ಣ. ಎರಡನೇ ಚಿತ್ರಕ್ಕೆ ಬೇರೆಯಾಗಿ ದುಡ್ಡು ಕೊಟ್ಟೆವು. ಕೊಡಲೇಬೇಕು, ಅದು ಹೊಸ ಕೆಲಸ.

ಅವರು ಮೊದಲು ಪೆನ್ಸಿಲ್‌ನಲ್ಲಿ ಮೂರು ಕರಡು ಕಳಿಸಿದರು. ಬಣ್ಣ ತುಂಬುವ ಮುಂಚೆಯೇ ಮೂರನ್ನೂ ಅದೇ ಮೊಬೈಲ್ ಪರೀಕ್ಷೆಗೆ ಹಾಕಿದೆ. ಈ ಹಂತದಲ್ಲಿ ಬದಲಾಯಿಸುವುದು ಸುಲಭ, ಅವರಿಗೂ ಬೇಜಾರಿಲ್ಲ. ಒಂದರಲ್ಲಿ ಅಪ್ಪಣ್ಣ ಸಂಕದ ಮೇಲೆ, ಒಂದರಲ್ಲಿ ಅವನ ಜೊತೆ ನಾಯಿ, ಒಂದರಲ್ಲಿ ಮುಖ ಹತ್ತಿರದಿಂದ.

ನಾಯಿ ಇದ್ದದ್ದೇ ಎಲ್ಲರಿಗೂ ನೆನಪಿತ್ತು. ಆಸೆಯಾಯಿತು. ಆದರೆ ಎರಡನೇ ಪ್ರಶ್ನೆಗೆ ಬಂದ ಉತ್ತರ "ನಾಯಿ ಸಾಕುವ ಆಟ". ನಮ್ಮ ಆಟದಲ್ಲಿ ನಾಯಿ ಬರುವುದು ಒಂದೇ ಹಂತದಲ್ಲಿ, ಅದೂ ಅಟ್ಟಿಸಿಕೊಂಡು ಬರುತ್ತದೆ. ನಾಯಿಗಾಗಿ ಬಂದವರಿಗೆ ಅದು ಮೋಸ. ಅವರು ವಿಶ್‌ಲಿಸ್ಟ್ (ಮುಂದೆ ಕೊಳ್ಳಲು ಗುರುತು ಹಾಕಿಡುವ ಪಟ್ಟಿ) ಮಾಡುವುದಿಲ್ಲ, ಕೊಂಡರೆ ಬೈಯುತ್ತಾರೆ, ಬೈಯುವುದು ನ್ಯಾಯವೂ ಹೌದು. ಕೈಬಿಟ್ಟೆವು.

ಉಳಿದದ್ದು ಮುಖದ ಚಿತ್ರ. ಕೊಪ್ಪೆ ಹಾಗೇ ಇದೆ, ಅದನ್ನು ತೆಗೆಯಲು ಇಬ್ಬರೂ ಒಪ್ಪಲಿಲ್ಲ. ಆದರೆ ಈಗ ಅಪ್ಪಣ್ಣ ನಮ್ಮ ಕಡೆ ತಿರುಗಿದ್ದಾನೆ. ಕಣ್ಣಲ್ಲಿ ಗಾಬರಿ, ಎದೆಗೆ ಅವಚಿಕೊಂಡ ಕಾಗದದ ಕಟ್ಟು, ಮೇಲಿನ ಲಕೋಟೆಯ ಮೂಲೆಗೆ ಬೀಳಲಿರುವ ಒಂದು ದಪ್ಪ ಹನಿ. ಹಿಂದೆ ಲಾಟೀನಿನ ಹಳದಿ. ಸ್ಟೀಮ್‌ನ ನೀಲಿಯ ಮೇಲೆ ಆ ಹಳದಿ ದೂರದಿಂದಲೇ ಕಾಣುತ್ತದೆ. ಕಪ್ಪು ಬಿಳುಪು ಮಾಡಿದರೂ ಮುಖ ಮುಖವಾಗಿಯೇ ಉಳಿಯಿತು.

ಪಕ್ಕದ ಮನೆಯ ಹುಡುಗನಿಗೆ ಮತ್ತೆ ತೋರಿಸಲಿಲ್ಲ, ಅವನಿಗೆ ಆಟ ಗೊತ್ತಾಗಿಬಿಟ್ಟಿತ್ತು. ಒಮ್ಮೆ ಗೊತ್ತಾದವರ ಕಣ್ಣು ಈ ಪರೀಕ್ಷೆಗೆ ಬರುವುದಿಲ್ಲ. ಅವನ ಅಕ್ಕನಿಗೆ ತೋರಿಸಿದೆ. "ಕಾಗದ ನೆನೆಯೋಕೆ ಬಿಡಬಾರದು, ಅದೇ ತಾನೆ?" ಅಂದಳು. ನನಗೆ ಬೇಕಿದ್ದ ಉತ್ತರ ಅದೇ.

ಹೊಸ ಚಿತ್ರ ಹಾಕಿದ ಮೇಲೆ ಸ್ಟೀಮ್‌ನ ಲೆಕ್ಕದಲ್ಲಿ ಕ್ಲಿಕ್ ಜಾಸ್ತಿ ಆಯಿತು. ಆದರೆ ಅದೇ ಸಮಯಕ್ಕೆ ಬರಲಿರುವ ಆಟಗಳನ್ನು ಆಡಿ ನೋಡುವ ಸ್ಟೀಮ್‌ನ ಹಬ್ಬವಾದ ನೆಕ್ಸ್ಟ್ ಫೆಸ್ಟ್‌ಗೆ ಡೆಮೊ (ಆಟದ ಉಚಿತ ಮಾದರಿ) ಕೂಡ ಬಿಟ್ಟಿದ್ದೆವು. ಎಷ್ಟು ಚಿತ್ರದಿಂದ, ಎಷ್ಟು ಡೆಮೊದಿಂದ ಅಂತ ಬೇರೆ ಮಾಡಲು ಆಗುವುದಿಲ್ಲ. ಮುಖಚಿತ್ರ ಬದಲಾಯಿಸುವವರು ಅದೊಂದನ್ನೇ ಬದಲಾಯಿಸಿ, ತಾರೀಖು ಬರೆದಿಟ್ಟು, ಎರಡು ವಾರ ಬೇರೆ ಏನನ್ನೂ ಮುಟ್ಟದೆ ಕಾಯಿರಿ. ನಾನು ಹಾಗೆ ಮಾಡಬೇಕಿತ್ತು.

ಹಳೆಯ ಚಿತ್ರಕ್ಕೂ ಜಾಗ ಸಿಕ್ಕಿತು. ಆಟ ಕೊಂಡವರ ಲೈಬ್ರರಿಯಲ್ಲಿ ಮೇಲ್ಗಡೆ 3840×1240 ಅಳತೆಯ ಒಂದು ಅಗಲ ಚಿತ್ರ ಬರುತ್ತದೆ. ಅದರ ಮೇಲೆ ಅಕ್ಷರ ಬರೆಯುವಂತಿಲ್ಲ, ಲೋಗೊ ಬೇರೆ ಫೈಲ್ ಆಗಿ ಹೋಗುತ್ತದೆ. ಆ ತೋಟ, ಆ ಮಂಜು, ಆ ಮಳೆಯನ್ನು ಅಲ್ಲಿ ಹಾಕಿದೆವು. ಅಲ್ಲಿಗೆ ಬರುವ ಹೊತ್ತಿಗೆ ಆಡುವವರಿಗೆ ಅಪ್ಪಣ್ಣ ಯಾರು ಅಂತ ಗೊತ್ತಿರುತ್ತದೆ. ಬೆನ್ನು ಹಾಕಿ ಹೋಗುತ್ತಿದ್ದರೂ ಕೊಪ್ಪೆ ನೋಡಿಯೇ ಗುರುತು ಹಿಡಿಯುತ್ತಾರೆ.